ಎಲ್ಲದಕ್ಕೂ ಒಂದು ಅಭಿಪ್ರಾಯ

ಫೋನು ನಮ್ಮ ಮಾತನ್ನೆಲ್ಲ ಕದ್ದು ಕೇಳುತ್ತದೆ ಎಂದು ಅವನು ಊಟದ ಮೇಜಿಗೆ ಮೊಣಕೈ ಊರಿ ಹೇಳುತ್ತಿದ್ದಾಗ ಕಣ್ಣಿನ ಮೇಡಂ ತನ್ನ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು. ಮುಚ್ಚಳ ಕೊನೆಗೂ ಬಿಟ್ಟುಕೊಂಡಿತು. ಆ ಸಮಾಧಾನದಲ್ಲೇ, ಅವನತ್ತ ನೋಡದೆ, "ಕೇಳಿಕೊಳ್ಳಲಿ ಬಿಡಿ ಪಾಪ. ನಮ್ಮ ಮಾತು ಕೇಳಿ ಅದಕ್ಕೇನು ಸಿಗುತ್ತೆ?" ಎಂದಳು. ಕ್ಯಾಷಿಯರ್ ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕ. ರಿಸೆಪ್ಶನ್ ಹುಡುಗಿ ಮಾತ್ರ ತನ್ನ ಫೋನನ್ನು ಮೆಲ್ಲಗೆ ಬೋರಲು ಹಾಕಿದಳು. ಅಷ್ಟರಿಂದಲೇ ಅವನಿಗೆ ಹುಮ್ಮಸ್ಸು ಬಂತು. ಒಬ್ಬಳಾದರೂ ಹೆದರಿದಳಲ್ಲ. ಸಿಗುವುದು ಮಾತಲ್ಲ, ಮಾತಿನ ಹಿಂದಿರುವ ಮನುಷ್ಯ, ಎಂದು ಅವನು ಮುಂದುವರಿಸಿದ. ಇವತ್ತು ನಿಮಗೆ ತಲೆನೋವು ಅಂತ ಗೊತ್ತಾದರೆ ನಾಳೆ ನಿಮಗೆ ಮಾತ್ರೆ ಮಾರುತ್ತಾರೆ, ನಾಡಿದ್ದು ತಲೆನೋವನ್ನೇ ಮಾರುತ್ತಾರೆ. ಈ ಕೊನೆಯ ಮಾತು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆದದ್ದು. ಮಧ್ಯಾಹ್ನದವರೆಗೂ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದ. ಕಣ್ಣಿನ ಮೇಡಂ "ನನ್ನ ಚಮಚ ಯಾರಾದ್ರೂ ನೋಡಿದ್ರಾ?" ಎಂದು ಕೇಳಿದಳು.

ಅಂಗಡಿಯ ಎಡಭಾಗದಲ್ಲಿ ಕನ್ನಡಕ, ಬಲಭಾಗದಲ್ಲಿ ಶ್ರವಣಯಂತ್ರ. ಎಡಕ್ಕೆ ಅವಳು, ಬಲಕ್ಕೆ ಇವನು. ಬರುವವರು ಇವನನ್ನು ಕಿವಿ ಡಾಕ್ಟರು ಎನ್ನುತ್ತಿದ್ದರು. ನಾನು ಡಾಕ್ಟರಲ್ಲ, ಆಡಿಯಾಲಜಿಸ್ಟ್ ಎಂದು ಮೊದಮೊದಲು ತಿದ್ದುತ್ತಿದ್ದ. ಆಮೇಲೆ ತಿದ್ದುವುದನ್ನು ಬಿಟ್ಟ. ಈಗ ಯಾರಾದರೂ ಡಾಕ್ಟರ್ ಎನ್ನದಿದ್ದರೆ ಏನೋ ಕೊರತೆಯೆನಿಸುತ್ತಿತ್ತು. ಕೆಲಸದ ಹೊತ್ತಿನಲ್ಲಿ ಅವನು ಮಾತಾಡುವುದು ಕಮ್ಮಿ. ಗಾಜಿನಾಚೆಯ ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಯಾರನ್ನೋ ಕೂರಿಸಿ, ಹೆಡ್‌ಫೋನು ಹಾಕಿ, ಬೀಪ್ ಕೇಳಿದಾಗ ಈ ಗುಂಡಿ ಒತ್ತಿ ಎಂದು ಹೇಳಿದರೆ ಮುಗಿಯಿತು. ಆದ್ದರಿಂದ ಆಡದ ಮಾತೆಲ್ಲ ಊಟದ ಹೊತ್ತಿಗೆ ಗಂಟಲಲ್ಲಿ ಸಾಲುಗಟ್ಟಿ ನಿಂತಿರುತ್ತಿತ್ತು. ಕಪ್ಪುರಂಧ್ರ, ಲಸಿಕೆ, ಬ್ಯಾಟರಿ ಕಾರು, ಎಲ್ಲೋ ನಡೆಯುತ್ತಿರುವ ಯುದ್ಧ, ಇನ್ನೆಲ್ಲೋ ನಡೆದ ಚುನಾವಣೆ, ಪದ್ಯ ಬರೆಯುವ ಯಂತ್ರ, ಎಲ್ಲದಕ್ಕೂ ಅವನಲ್ಲಿ ಒಂದು ಅಭಿಪ್ರಾಯವಿತ್ತು. ಅಭಿಪ್ರಾಯವಿಲ್ಲದೆ ಮನೆಯಿಂದ ಹೊರಡುವುದು ಅವನಿಗೆ ಅಂಗಿ ಹಾಕಿಕೊಳ್ಳದೆ ಹೊರಟಂತೆ. ಅದರಲ್ಲೂ ಗೌಪ್ಯತೆಯ ವಿಷಯ ಬಂದರೆ ಅವನು ಬೇರೆಯೇ ಮನುಷ್ಯ. ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಗಾಯದ ಪಟ್ಟಿಯ ತುಂಡು ಅಂಟಿಸಿದ್ದ. ತಾನು ವಾಸವಿದ್ದ ಕಟ್ಟಡದ ಲಿಫ್ಟಿನಲ್ಲಿ ಕ್ಯಾಮೆರಾ ಹಾಕಬಾರದೆಂದು ಸಭೆಯಲ್ಲಿ ಎದ್ದು ನಿಂತು ವಾದಿಸಿದ್ದ. ಕ್ಯಾಮೆರಾ ಹಾಕಿದ ಮೇಲೆ ಲಿಫ್ಟಿನ ಮೂಲೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ಹಾಗೆ ನಿಲ್ಲುವವನು ಕಟ್ಟಡದಲ್ಲಿ ಅವನೊಬ್ಬನೇ ಆದ್ದರಿಂದ ಕಾವಲುಗಾರನಿಗೆ ಪರದೆಯ ಮೇಲೆ ಅವನನ್ನು ಗುರುತಿಸುವುದು ಎಲ್ಲರಿಗಿಂತ ಸುಲಭವಾಗಿತ್ತು.

ಕಿವಿ ಪರೀಕ್ಷೆಗೆ ಒಬ್ಬ ಅಜ್ಜಿ ಬಂದು ಕೂತಿದ್ದಾರೆ ಎಂದು ರಿಸೆಪ್ಶನ್ ಹುಡುಗಿ ನೆನಪಿಸಿದಾಗ ಅವನು ಕೈ ತೊಳೆದುಕೊಂಡು ಎದ್ದ. ಫೋನು ಮೇಜಿನ ಮೇಲೆಯೇ ಉಳಿಯಿತು. ಬೆಳಿಗ್ಗೆ ಒಬ್ಬ ಗಿರಾಕಿಗೆ ಹೊಸ ಮಾದರಿಯ ಯಂತ್ರ ತೋರಿಸಿದ್ದ: ಫೋನನ್ನು ದೂರದಲ್ಲಿ ಮಾತಾಡುವವರ ಮುಂದಿಟ್ಟರೆ ಅದೇ ಮೈಕಾಗಿ, ಅಲ್ಲಿನ ಮಾತು ನೇರವಾಗಿ ಕಿವಿಯೊಳಕ್ಕೆ ಬರುತ್ತದೆ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವರಿಗೆ ಅನುಕೂಲ ಎಂದು ಹೇಳಿದ್ದ. ಪರೀಕ್ಷೆಗೆಂದು ತನ್ನ ಫೋನಿಗೆ ಜೋಡಿಸಿ ಬಲಗಿವಿಗೆ ಹಾಕಿಕೊಂಡದ್ದನ್ನು ತೆಗೆಯಲು ಮರೆತಿದ್ದ. ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ಚಮಚ ತಟ್ಟೆಗೆ ತಾಗಿದ ಸದ್ದು ತಲೆಯೊಳಗೇ ಆದಂತೆ ಕೇಳಿಸಿತು. ಆಮೇಲೆ ಯಾರೋ ನೀರು ಕುಡಿದ ಗುಟುಕು. ಅವನ ಕೈ ಕಿವಿಯತ್ತ ಹೋಯಿತು, ಹೋಗಿ, ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು.

ಅಜ್ಜಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಬೀಪ್ ಕಳಿಸುತ್ತಾ, ಅವನು ಮೈಯೆಲ್ಲ ಕಿವಿಯಾಗಿ ಕಾದ. ಈಗ ಶುರುಮಾಡುತ್ತಾರೆ. ಎದ್ದು ಹೋದವನ ಬಗ್ಗೆ ಉಳಿದವರು ಮಾತಾಡಿಯೇ ಆಡುತ್ತಾರೆ, ಅದು ಲೋಕದ ರೀತಿ. ಚಿಕ್ಕವನಿದ್ದಾಗ ಒಮ್ಮೆ ಜ್ವರ ಬಂದು ಮಲಗಿದ್ದ; ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ದನಿ ತಗ್ಗಿಸಿ ಏನೋ ಮಾತಾಡುತ್ತಿದ್ದರು. ತನ್ನ ಜ್ವರದ ಬಗ್ಗೆಯೇ, ತಾನು ಬದುಕುತ್ತೇನೋ ಇಲ್ಲವೋ ಎಂಬುದರ ಬಗ್ಗೆಯೇ ಎಂದು ಉಸಿರು ಹಿಡಿದು ಆಲಿಸಿದ್ದ. ಬಚ್ಚಲಿನ ನಲ್ಲಿ ತೆರೆದಿಟ್ಟು ಹೋದವರು ಯಾರು ಎಂಬುದು ಅವರ ಜಗಳವಾಗಿತ್ತು. ಅಜ್ಜಿ ಗುಂಡಿ ಒತ್ತಿದಳು. ಅವನು ಬೀಪ್ ಕಳಿಸಿರಲೇ ಇಲ್ಲ. ಕಿವಿಯೊಳಗೆ ಕ್ಯಾಷಿಯರ್, "ಮೀನು ನಿದ್ದೆ ಮಾಡುತ್ತಾ?" ಎಂದು ಕೇಳಿದ. ಮಾಡಲೇಬೇಕಲ್ಲ ಎಂದಳು ಕಣ್ಣಿನ ಮೇಡಂ. ಆದರೆ ಅದಕ್ಕೆ ರೆಪ್ಪೆ ಇಲ್ಲ, ಮಾಡುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು ಎಂದ ಕ್ಯಾಷಿಯರ್. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವವರು ನಮ್ಮ ಮನೆಯಲ್ಲೂ ಇದ್ದಾರೆ ಎಂದಳು ಹುಡುಗಿ. ಮೂವರೂ ನಕ್ಕರು. ಅದು ಅವನು ಇದ್ದಾಗ ಕೇಳಿರದ ನಗು, ಬಟ್ಟೆ ಸಡಿಲಿಸಿಕೊಂಡು ಕೂತವರ ನಗು. ಅವನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಡಬ್ಬಿಗಳು ಮುಚ್ಚಿಕೊಂಡ ಸದ್ದಾಯಿತು.

ಮಾರನೆಯ ದಿನ ಫೋನು ಮರೆತದ್ದಲ್ಲ. ಯಂತ್ರದ ಮೈಕು ಎಷ್ಟು ದೂರ ಕೆಲಸ ಮಾಡುತ್ತದೆ, ಒಂದು ಗೋಡೆ ದಾಟುತ್ತದೋ ಎರಡು ದಾಟುತ್ತದೋ, ಗಿರಾಕಿಗಳಿಗೆ ಹೇಳಬೇಕಾದವನಿಗೆ ಗೊತ್ತಿರಬೇಡವೇ? ಇದು ಬೇರೆ. ಕಂಪನಿಗಳು ಕೇಳುವುದು ಲಾಭಕ್ಕೆ. ಇವನಿಗೆ ಲಾಭವೇನೂ ಇರಲಿಲ್ಲ, ನಿಜಕ್ಕೂ ಏನೂ ಸಿಗುತ್ತಿರಲಿಲ್ಲ. ದಿನವೂ ಸ್ವಲ್ಪ ಬೇಗ ಎದ್ದು ಹೋಗಿ, ಗಾಜಿನ ಕೋಣೆಯ ಮುಂದೆ ಕೂತು, ತಾನು ಇಲ್ಲದ ಲೋಕವನ್ನು ಆಲಿಸಿದ. ಅದು ಯಾವ ಊನವೂ ಇಲ್ಲದೆ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಅದೇ ಕ್ಯಾಷಿಯರ್, ಸುದ್ದಿಯಲ್ಲಿದ್ದ ಮಾತಾಡುವ ಯಂತ್ರದ ಬಗ್ಗೆ, "ಅದಕ್ಕೆ ಎಲ್ಲಾ ಗೊತ್ತು. ಗೊತ್ತಿಲ್ಲದೆ ಇರೋದು ಒಂದೇ, ಸುಮ್ಮನಿರೋದು" ಎಂದ. ಅದು ಇವನ ಮಾತು. ಹಿಂದಿನ ವಾರ ಅದೇ ಮೇಜಿನಲ್ಲಿ, ಅದೇ ಪದಗಳಲ್ಲಿ ಹೇಳಿದ್ದ. ಆಗ ಎಲ್ಲರೂ ಕಿಟಕಿಯಾಚೆ ಯಾವುದೋ ಲಾರಿ ಹಿಂದಕ್ಕೆ ಬರುವುದನ್ನು ನೋಡುತ್ತಿದ್ದರು. ಈಗ ಕಣ್ಣಿನ ಮೇಡಂ, "ಎಷ್ಟು ಚೆನ್ನಾಗಿ ಹೇಳಿದ್ರಿ ರೀ" ಎಂದಳು. ಅವನ ಕಿವಿ ಬಿಸಿಯಾಯಿತು. ಓಡಿಹೋಗಿ ಅದು ನನ್ನದು ಎನ್ನುವಂತಿರಲಿಲ್ಲ; ನಿಮಗೆ ಹೇಗೆ ಗೊತ್ತಾಯಿತು ಎಂದರೆ? ಕಳ್ಳನ ಮನೆಯಲ್ಲೇ ಕಳವಾದ ಹಾಗೆ, ದೂರು ಕೊಡುವ ಹಾಗೂ ಇಲ್ಲ.

ಇನ್ನೊಂದು ದಿನ ಹುಡುಗಿಯ ಹುಟ್ಟಿದಹಬ್ಬಕ್ಕೆ ಕೇಕು ತಂದಿದ್ದರು. ಅವನಿಗೆ ಗಿರಾಕಿ ಇದ್ದದ್ದರಿಂದ ಊಟಕ್ಕೆ ಹೋಗಲಾಗಿರಲಿಲ್ಲ. ಫೋನು ಮಾತ್ರ ಮೊದಲೇ ಹೋಗಿ ಮೇಜಿನ ಮೇಲೆ ಕೂತಿತ್ತು. ಚಾಕು ಕೇಕಿಗಿಳಿದು ತಳದ ರಟ್ಟಿಗೆ ತಾಗಿದ ಮೆತ್ತನೆಯ ಸದ್ದು ಕೇಳಿಸಿತು. "ಕಿವಿ ಸಾರ್‌ಗೊಂದು ತುಂಡು ಎತ್ತಿಡೋಣ್ವಾ?" ಎಂದಳು ಹುಡುಗಿ. ಅವನು ಕುರ್ಚಿಯಲ್ಲಿ ನೆಟ್ಟಗಾದ. ಕೊನೆಗೂ. "ಬೇಡ, ಅವರು ಸಿಹಿ ತಿನ್ನಲ್ಲ" ಎಂದಳು ಕಣ್ಣಿನ ಮೇಡಂ. ಹೌದಾ ಎಂದಳು ಹುಡುಗಿ. ಹೌದಂತೆ ಕಣೆ ಎಂದ ಕ್ಯಾಷಿಯರ್. ಅಷ್ಟೇ. ಅವನು ಸಿಹಿ ತಿನ್ನುತ್ತಿದ್ದ. ಚಿಕ್ಕಂದಿನಿಂದಲೂ ತಿನ್ನುತ್ತಿದ್ದ, ಸಕ್ಕರೆ ಎಂಬುದು ಹೊಸ ಕಾಲದ ತಂಬಾಕು ಎಂಬ ಒಂದು ಅಭಿಪ್ರಾಯವನ್ನು ಯಾವತ್ತೋ ಒಂದು ಮಧ್ಯಾಹ್ನ ಹೇಳಿದ್ದನೇನೋ, ಅಭಿಪ್ರಾಯ ಬೇರೆ, ನಾಲಿಗೆ ಬೇರೆ. ಸಂಜೆ ಕೈ ತೊಳೆಯಲು ಹೋದಾಗ ಮೇಜಿನ ಮೇಲೆ ಬಿಳಿಯ ಕ್ರೀಮಿನ ಒಂದು ಚುಕ್ಕೆ ಅಂಟಿಕೊಂಡಿತ್ತು. ಸುತ್ತ ನೋಡಿ, ಬೆರಳಿನಿಂದ ಒರೆಸಿ, ನೆಕ್ಕಿದ. ನೆಕ್ಕಿದ ಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸಿಹಿಯೂ ಇರಲಿಲ್ಲ, ಬರೀ ಜಿಡ್ಡು.

ಮನೆಯಲ್ಲಿ ಮೊದಲ ಸಲ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಟ್ಟದ್ದು ನಿಜವಾಗಿಯೂ ಚಾರ್ಜಿಗೇ. ಹಾಗೆಂದು ಅವನು ತನಗೆ ತಾನೇ ಹಲವು ಬಾರಿ ಹೇಳಿಕೊಂಡ. ಹೆಂಡತಿ ನಗರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಮಿಸ್ಟು. ದಿನವಿಡೀ ಬಾಟಲಿಗಳಲ್ಲಿ ಬಂದ ನೀರಿಗೆ ಹನಿ ಹನಿ ಏನನ್ನೋ ಬಿಟ್ಟು ಬಣ್ಣ ನೋಡುವ ಕೆಲಸ. ಮನೆಗೆ ಬಂದವಳು ಬೆರಳ ತುದಿ ಮೂಸಿಕೊಂಡು, ಇನ್ನೊಮ್ಮೆ ಸೋಪು ಹಚ್ಚಿ ತೊಳೆಯುತ್ತಿದ್ದಳು. ಕುಡಿಯುವ ನೀರಿನಲ್ಲಿ ಪ್ಲಾಸ್ಟಿಕ್ಕಿನ ಕಣಗಳಿರುವ ಬಗ್ಗೆ ಅವನು ಊಟದ ಹೊತ್ತಿನಲ್ಲಿ ಒಮ್ಮೆ ವಿಸ್ತಾರವಾಗಿ ಮಾತಾಡಿದ್ದ. ಅವಳು ಎಲ್ಲ ಕೇಳಿ, "ಹೌದಾ" ಎಂದು ಅವನ ಲೋಟಕ್ಕೆ ನೀರು ಬಡಿಸಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ವಾದಿಸುತ್ತಿದ್ದಳೇ? ನೆನಪಿಗೆ ಬಾರದು. ಹಳೆಯ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಾ ಅವಳು ಏನೋ ಹೇಳುತ್ತಿದ್ದಳು, ಒದ್ದೆ ದುಪ್ಪಟಿಯ ಹಿಂದಿನಿಂದ ಅವಳ ನೆರಳಷ್ಟೇ ಕಾಣುತ್ತಿತ್ತು, ತಾನು ಮಧ್ಯೆ ಬಾಯಿ ಹಾಕಿ ಅದನ್ನು ತಿದ್ದಿದ್ದೆ ಎಂಬುದು ಚೆನ್ನಾಗಿ ನೆನಪಿತ್ತು. ಏನು ಹೇಳುತ್ತಿದ್ದಳು ಎಂಬುದು ಇರಲಿಲ್ಲ.

ಅವನು ಹಾಲಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದ, ಅಂಗಡಿಯಿಂದ ತಂದ ಯಂತ್ರ ಬಲಗಿವಿಯಲ್ಲಿತ್ತು. ಕಿವಿಯೊಳಗೆ ಅಡುಗೆಮನೆಯ ನಲ್ಲಿ ನಿಂತಿತು.

"ಅಪ್ಪನಿಗೆ ಯಾವಾಗ ಹೇಳ್ತೀಯಾ?" ಎಂದಳು ಮಗಳು.

"ಹೇಳ್ತೀನಿ."

"ಶುಕ್ರವಾರದೊಳಗೆ ಉತ್ತರ ಕೊಡಬೇಕು ಅಂದ್ಯಲ್ಲ."

"ಕೊಡ್ತೀನಿ. ಇನ್ನೂ ನಿರ್ಧಾರ ಮಾಡಿಲ್ಲ ಕಣೆ. ಎರಡು ವರ್ಷ. ಹೊಸ ಲ್ಯಾಬು, ಪೂರ್ತಿ ನಾನೇ ಕಟ್ಟಬೇಕು. ಕ್ವಾರ್ಟರ್ಸು ಅಣೆಕಟ್ಟಿನ ಪಕ್ಕದಲ್ಲೇ ಅಂತೆ. ಕಿಟಕಿ ತೆಗೆದ್ರೆ ನೀರೇ ನೀರಂತೆ."

"ಹೋಗಬೇಕು ಅನ್ಸುತ್ತಾ?"

ಪಾತ್ರೆಯೊಂದನ್ನು ಒರೆಸಿ ಇಟ್ಟ ಸದ್ದು. ಇನ್ನೊಂದನ್ನು ಇಟ್ಟ ಸದ್ದು.

"ಅನ್ಸುತ್ತೆ. ಅದೇ ಭಯ."

"ಹಾಗಾದ್ರೆ ಅಪ್ಪನ್ನ ಕೇಳು ಮತ್ತೆ."

"ಕೇಳಿದ್ರೆ ಅದರ ಬಗ್ಗೆ ಒಂದು ಅಭಿಪ್ರಾಯ ಹೇಳ್ತಾರೆ. ಹೆಂಗಸರು ಮತ್ತು ವಿಜ್ಞಾನ, ಅಣೆಕಟ್ಟಿನ ರಾಜಕೀಯ, ಎಲ್ಲಾ ಬರುತ್ತೆ. ಅವರು ಹೇಳಿ ಮುಗಿಸೋ ಹೊತ್ತಿಗೆ ಅದು ನನ್ನ ವಿಷಯವಾಗೇ ಉಳಿದಿರಲ್ಲ. ಇನ್ನು ಸ್ವಲ್ಪ ದಿನ ನನ್ನ ಹತ್ರಾನೇ ಇರಲಿ ಬಿಡು."

ಪತ್ರಿಕೆಯಲ್ಲಿ ಒಂದು ಉಪಗ್ರಹದ ಚಿತ್ರವಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ಕೊನೆಗೂ ಯಾರೋ ತನ್ನ ಬೆನ್ನ ಹಿಂದೆ ತನ್ನ ಬಗ್ಗೆ ಮಾತಾಡಿದ್ದರು. ಇಷ್ಟು ದಿನ ಹಸಿದದ್ದು ಇದಕ್ಕೇ. ಮೊದಲು ಸಿಟ್ಟು ಬಂತು, ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವಷ್ಟು. ನಿಂತು ಏನು ಹೇಳುವುದು? ಆಮೇಲೆ ಸಿಟ್ಟಿನ ಅಡಿಯಿಂದ ಬೇರೇನೋ ಮೇಲೆದ್ದಿತು, ನಡುಮನೆಯಲ್ಲಿ ತಾನೊಬ್ಬ ಬಾಡಿಗೆದಾರನೆಂಬಂಥ ಸಂಕೋಚ. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, "ಏನು ಸುದ್ದಿ?" ಎಂದಳು, ದಿನವೂ ಕೇಳುವಂತೆ. "ಏನಿಲ್ಲ, ಉಪಗ್ರಹ" ಎಂದ. ಅವಳು ಮುಂದಿನ ಮಾತಿಗಾಗಿ ಅಭ್ಯಾಸಬಲದಿಂದ ಒಂದು ಕ್ಷಣ ನಿಂತಳು. ಅದು ಬರದಿದ್ದುದನ್ನು ನೋಡಿ, ಜ್ವರವೇ ಎಂಬಂತೆ ಅವನ ಮುಖ ನೋಡಿದಳು. ಇಷ್ಟು ವರ್ಷ ಗೌಪ್ಯತೆಯ ಪರ ಗಂಟಲು ಹರಿದುಕೊಂಡವನಿಗೆ ಮುಚ್ಚಿಡಬೇಕಾದದ್ದು ಒಂದು ಮೊದಲ ಬಾರಿಗೆ ಸಿಕ್ಕಿತ್ತು, ಅದೂ ಹೆಂಡತಿಯದು.

ಅವಳಾಗಿಯೇ ಹೇಳುತ್ತಾಳೆಂದು ಕಾದ. ಹೇಳಲಿಲ್ಲ. ಹೇಳುವಂತೆ ಮಾಡಬೇಕು ಎಂದುಕೊಂಡ. ತಾನು ಹಳೇ ಕಾಲದ ಗಂಡನಲ್ಲ ಎಂದು ತೋರಿಸಿದರೆ ಅವಳಿಗೆ ಧೈರ್ಯ ಬರುತ್ತದೆ, ಬಾಯಿ ಬಿಡುತ್ತಾಳೆ, ತಾನು ದೊಡ್ಡ ಮನಸ್ಸಿನಿಂದ ನಿನ್ನಿಷ್ಟ ಎನ್ನುತ್ತೇನೆ, ಅವಳ ಕಣ್ಣು ತುಂಬಿ ಬರುತ್ತದೆ, ಇಂಥ ಗಂಡನನ್ನು ಬಿಟ್ಟು ಹೇಗೆ ಹೋಗಲಿ ಎಂದು ಉಳಿದುಬಿಡುತ್ತಾಳೆ. ಈ ಲೆಕ್ಕಾಚಾರ ಅವನಿಗೆ ಎಲ್ಲ ಕಡೆಯಿಂದಲೂ ಸರಿಯಾಗಿಯೇ ಕಂಡಿತು. ರಾತ್ರಿ ಊಟಕ್ಕೆ ಕೂತಾಗ, ಯಾವುದೋ ಲೇಖನ ಓದಿದೆ ಎಂಬ ಮುನ್ನುಡಿಯೊಂದಿಗೆ ಶುರುಮಾಡಿದ. "ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇರಬೇಕು ಅನ್ನೋದು ಹಳೇ ಆರ್ಥಿಕ ವ್ಯವಸ್ಥೆಯ ಪಳೆಯುಳಿಕೆ ಅಷ್ಟೇ. ಈಗ ತಂತ್ರಜ್ಞಾನ ಇದೆ. ದೂರ ಅನ್ನೋದೇ ಇಲ್ಲ. ಕೆಲಸಕ್ಕೋಸ್ಕರ ಬೇರೆ ಬೇರೆ ಊರಲ್ಲಿರೋ ದಂಪತಿಗಳೇ ಹೆಚ್ಚು ಸುಖವಾಗಿದ್ದಾರೆ ಅಂತ ಸಂಶೋಧನೆ ಹೇಳುತ್ತೆ."

ಹೆಂಡತಿಯ ಕೈ ತಟ್ಟೆಯ ಮೇಲೆ ನಿಂತಿತು. "ನಿಜವಾಗ್ಲೂ ಹಾಗನ್ಸುತ್ತಾ ನಿಮಗೆ?"

ಅವಳು ಅವನಿಗೆ ಮರುಪ್ರಶ್ನೆ ಹಾಕಿ ಎಷ್ಟು ಕಾಲವಾಗಿತ್ತೋ. ಅವಳ ಕಣ್ಣು ನೇರವಾಗಿ ಅವನ ಮುಖದ ಮೇಲಿತ್ತು, ಬಾಟಲಿಯನ್ನು ಬೆಳಕಿಗೆ ಹಿಡಿದು ಬಣ್ಣ ತಿರುಗುವುದನ್ನು ಕಾಯುವಂತೆ. ಇದೇ ಹೊತ್ತಿಗೆ ನಿಲ್ಲಿಸಬೇಕಿತ್ತು. ಆದರೆ ಒಬ್ಬರು ತನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳುವ ಸುಖ ಅವನ ತಲೆಗೇರಿತು. "ಅನ್ಸೋದೇನು, ಖಂಡಿತ. ಪ್ರೀತಿ ಅಂದ್ರೆ ಕಾವಲು ಕಾಯೋದಾ? ಒಬ್ಬೊಬ್ಬರಿಗೂ ಅವರದೇ ಒಂದು ಜಾಗ ಬೇಕು. ಎರಡು ವರ್ಷ ಅಂದ್ರೆ ಏನು, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಹೋಗುತ್ತೆ."

ಮಗಳು ತಲೆಯೆತ್ತಿದಳು. ಅವನು ಅವಸರದಲ್ಲಿ "ಎರಡೋ, ಮೂರೋ, ಎಷ್ಟಾದ್ರೂ" ಎಂದು ಸೇರಿಸಿ, ನೀರು ಕುಡಿದು, ನೆತ್ತಿಗೇರಿಸಿಕೊಂಡು ಕೆಮ್ಮಿದ. ಹೆಂಡತಿ ಬೇರೆಲ್ಲೋ ನೋಡುತ್ತಿದ್ದಳು. ಅವಳಿಗೆ ಲೆಕ್ಕ ಹೊಳೆದಿರಲಿಲ್ಲ, ಅಥವಾ ಬೇಕಾದ ಮಾತು ಸಿಕ್ಕಿದ್ದರಿಂದ ಉಳಿದದ್ದು ಕಿವಿಗೆ ಬಿದ್ದಿರಲಿಲ್ಲ.

ಮಾರನೆಯ ಸಂಜೆ ಮಗಳು ಅಡುಗೆಮನೆಯಿಂದ ಅವನ ಫೋನನ್ನೂ ಅದರ ವಯರನ್ನೂ ಎತ್ತಿಕೊಂಡು ಹಾಲಿಗೆ ಬಂದಳು. ಅವಳ ಕಣ್ಣು ಅವನ ಬಲಗಿವಿಯ ಮೇಲೆ ಒಂದು ಕ್ಷಣ ನಿಂತು ಸರಿಯಿತು. ಅವನ ಕುರ್ಚಿಯ ಪಕ್ಕದ ಗೋಡೆಗೆ ಬಗ್ಗಿ, ವಯರು ಸಿಕ್ಕಿಸಿ, ಫೋನನ್ನು ಅವನ ಮೊಣಕೈಯ ಹತ್ತಿರ ಇಟ್ಟು, "ಇಲ್ಲೂ ಪ್ಲಗ್ ಇದೆ ಅಪ್ಪಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರಿಸಬಹುದಿತ್ತು. ಅವಳು ಚಿಕ್ಕವಳಿದ್ದಾಗ ಅವಳ ಡೈರಿಯನ್ನು ಯಾರೂ ಮುಟ್ಟಬಾರದೆಂದು ಮನೆಗೆಲ್ಲ ಕಟ್ಟಪ್ಪಣೆ ಮಾಡಿದವನು ಅವನೇ. ಅವಳು ಒಳಗೆ ಹೋಗಿ ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿದಳು. ಆಮೇಲೆ ಅವನ ಕಿವಿಯೊಳಗೆ ಬಂದದ್ದು ಅವನದೇ ಪತ್ರಿಕೆಯ ಪುಟ ಮಗುಚುವ ಸದ್ದು, ಮುರಿದು ಬೀಳುವ ಮರದಷ್ಟು ದೊಡ್ಡದಾಗಿ.

ಗುರುವಾರ, ಆವತ್ತು ಪರೀಕ್ಷೆಗೆ ಬಂದಿದ್ದ ಅಜ್ಜಿ ತಾನು ಕೊಂಡಿದ್ದ ಶ್ರವಣಯಂತ್ರವನ್ನು ವಾಪಸು ಕೊಡಲು ಬಂದಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಅವನತ್ತ ತಳ್ಳಿದಳು. ಸದ್ದು ಕರಕರ ಅನ್ನುತ್ತದೆಯೇ, ಕಿವಿಗೆ ನೋವೇ, ಬ್ಯಾಟರಿ ಬೇಗ ಹೋಗುತ್ತದೆಯೇ ಎಂದು ದನಿ ಎತ್ತರಿಸಿ ಕೇಳಿದ. ಯಾವುದೂ ಅಲ್ಲ.

"ಚೆನ್ನಾಗಿ ಕೇಳಿಸುತ್ತೆ ಡಾಕ್ಟ್ರೇ. ಅದೇ ತೊಂದರೆ" ಎಂದಳು. "ಮೊದಲು ಏನಾದ್ರೂ ಹೇಳಬೇಕಂದ್ರೆ ಹತ್ತಿರ ಬರ್ತಿದ್ರು. ಭುಜ ಮುಟ್ಟಿ, ಮುಖ ನೋಡಿ ಹೇಳ್ತಿದ್ರು. ಮೊಮ್ಮಗಳಂತೂ ಅಂಗೈ ಮೇಲೆ ಬೆರಳಲ್ಲಿ ಬರೀತಿದ್ಲು. ಈಗ ಎಲ್ಲರೂ ಇದ್ದಲ್ಲಿಂದಲೇ ಕೂಗ್ತಾರೆ, ಅಜ್ಜಿ ಊಟ, ಅಜ್ಜಿ ಔಷಧಿ ಅಂತ. ವಾರದಿಂದ ನನ್ನ ಯಾರೂ ಮುಟ್ಟಿಲ್ಲ."

ಶ್ರವಣಶಕ್ತಿ ಕುಂದಿದರೆ ಮಿದುಳು ಮಂಕಾಗುತ್ತದೆ, ಅದಕ್ಕೆ ಅಧ್ಯಯನಗಳಿವೆ ಎಂದು ಹೇಳಲು ಅವನು ಬಾಯಿ ತೆರೆದ. ಅಜ್ಜಿ ತನ್ನ ಖಾಲಿ ಕಿವಿಯನ್ನು ಅವನತ್ತ ತಿರುಗಿಸಿ ಕಾದಳು. ಅವನು ಎದ್ದು, ಮೇಜು ಸುತ್ತಿ ಹೋಗಿ, ಅವಳ ಕಿವಿಯ ಹತ್ತಿರ ಬಗ್ಗಿದ. ಬಗ್ಗಿದ ಮೇಲೆ ಹೇಳುವುದೇನೂ ಉಳಿಯಲಿಲ್ಲ. "ಸರಿ ಬಿಡಿ, ವಾಪಸ್ ತಗೋತೀವಿ" ಎಂದ. ಅವಳು ಅವನ ಕೆನ್ನೆ ತಟ್ಟಿ ಹೋದಳು. ಆ ತಿಂಗಳ ಮಾರಾಟದಲ್ಲಿ ಒಂದು ಕಮ್ಮಿಯಾದದ್ದಕ್ಕೆ ಮೇಲಿನವರಿಗೆ ಏನು ಕಾರಣ ಬರೆಯುವುದೆಂದು ತಿಳಿಯದೆ, ಕರಕರ ಸದ್ದು ಎಂದು ಬರೆದ.

ಶುಕ್ರವಾರ ಹೆಂಡತಿ ಎಂದಿಗಿಂತ ಬೇಗ ಮನೆಗೆ ಬಂದಳು. ಕೈ ತೊಳೆಯಲಿಲ್ಲ. ಅವನ ಎದುರಿನ ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು: ಅಣೆಕಟ್ಟು, ಹೊಸ ಲ್ಯಾಬು, ಎರಡು ವರ್ಷ. ಅವನು ಆಶ್ಚರ್ಯಪಡಬೇಕಾದ ಕಡೆ ಆಶ್ಚರ್ಯಪಟ್ಟ. ಹುಬ್ಬು ಸ್ವಲ್ಪ ಮೊದಲೇ ಏರಿತೆಂದು ಅವನಿಗೇ ಅನಿಸಿತು. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದ. ಕ್ವಾರ್ಟರ್ಸ್ ಇದೆಯಾ, ನೀರು ಹತ್ತಿರವಾ. ಇನ್ನೇನು ಬಂತು, ಈಗ ಅವಳು ನಿಮಗೇನನ್ಸುತ್ತೆ ಎಂದು ಕೇಳುತ್ತಾಳೆ, ತಾನು ನಿನ್ನಿಷ್ಟ ಎನ್ನುತ್ತೇನೆ.

"ಒಪ್ಪಿಕೊಂಡುಬಿಟ್ಟೆ" ಎಂದಳು. "ಮಧ್ಯಾಹ್ನವೇ ಬರೆದು ಕೊಟ್ಟೆ."

"ಓ" ಎಂದ ಅವನು.

"ಆವತ್ತು ಊಟಕ್ಕೆ ಕೂತಾಗ ನೀವು ಹೇಳದೇ ಇದ್ದಿದ್ರೆ ಬೇಡ ಅಂತಲೇ ಬರೀತಿದ್ದೆ. ನಾನು ನಿಮ್ಮನ್ನ ತಪ್ಪು ತಿಳಿದುಕೊಂಡಿದ್ದೆ ನೋಡಿ. ಬೇಜಾರು ಮಾಡ್ಕೋತೀರಿ, ಅಡ್ಡ ಬರ್ತೀರಿ ಅಂದ್ಕೊಂಡಿದ್ದೆ. ನೀವಾಗೇ ಆ ಮಾತು ಎತ್ತಿದ್ರಿ. ಪ್ರೀತಿ ಅಂದ್ರೆ ಕಾವಲು ಕಾಯೋದಾ ಅಂದ್ರಲ್ಲ, ಅದನ್ನ ಲ್ಯಾಬಲ್ಲಿ ಎಲ್ಲರಿಗೂ ಹೇಳಿದೆ."

ಅವನ ಅಭಿಪ್ರಾಯಗಳ ಪೈಕಿ ಲೋಕದಲ್ಲಿ ಏನನ್ನಾದರೂ ಕದಲಿಸಿದ್ದು ಇದೊಂದೇ. ಅವಳ ಮುಖದಲ್ಲಿ, ಕಣ್ಣಿನ ಕೆಳಗೆ, ಅವನು ಮರೆತೇಹೋಗಿದ್ದ ಒಂದು ಬೆಳಕಿತ್ತು. ತಾರಸಿಯಲ್ಲಿ ದುಪ್ಪಟಿ ಸರಿಸಿ ಹೊರಗೆ ಬಂದಾಗ ಇದ್ದ ಮುಖ. ಅದು ಹಾಗಲ್ಲ, ನಾನು ಸುಮ್ಮನೆ ಹೇಳಿದೆ ಎನ್ನಬೇಕೆಂದರೆ, ಏಕೆ ಸುಮ್ಮನೆ ಹೇಳಿದ್ದು ಎಂದೂ ಹೇಳಬೇಕು. "ಒಳ್ಳೇ ನಿರ್ಧಾರ" ಎಂದ. ಬಾಗಿಲಲ್ಲಿ ನಿಂತಿದ್ದ ಮಗಳು ಅವನನ್ನು ನೋಡುತ್ತಿದ್ದಳು. ಅವಳಿಗೆ ಪಾಪ ಎನಿಸುತ್ತಿತ್ತು. ಅದನ್ನು ಸಹಿಸುವುದು ಕಷ್ಟವಾಗಿ ಅವನು ಉಪಗ್ರಹಗಳ ಬಗ್ಗೆ ಏನೋ ಹೇಳತೊಡಗಿದ.

ಕೆಲಸದ ಜಾಗದಲ್ಲಿ ವಿಷಯ ತಿಳಿಸಿದ್ದು ಇನ್ನೊಂದು ವಾರದ ಮೇಲೆ. ಊಟದ ಮೇಜಿನಲ್ಲಿ ನೀರಿನ ಬೆಲೆಯ ಬಗ್ಗೆ ಮಾತು ನಡೆದಿತ್ತು. ಆ ಬಗ್ಗೆ ಅವನಿಗೆ ಏನೂ ತೋಚಲಿಲ್ಲ. ತಟ್ಟೆ ನೋಡುತ್ತಾ, "ನನ್ನ ಹೆಂಡತಿ ಎರಡು ವರ್ಷ ಬೇರೆ ಊರಿಗೆ ಹೋಗ್ತಿದ್ದಾಳೆ" ಎಂದ. ಮೂರು ಚಮಚಗಳೂ ಒಟ್ಟಿಗೆ ನಿಂತವು. ಕಣ್ಣಿನ ಮೇಡಂ ಅವನನ್ನು ನೋಡಿದಳು, ಗಿರಾಕಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡುವಷ್ಟು ಹತ್ತಿರದಿಂದ. "ನಿಮಗೆ ಬೇಜಾರಾಗಲ್ವಾ?" ಎಂದಳು. ಈಗಿನ ಕಾಲದಲ್ಲಿ ತಂತ್ರಜ್ಞಾನ ಎಂದು ಶುರುಮಾಡಿದ ವಾಕ್ಯ ಅಲ್ಲೇ ನಿಂತಿತು. ಕ್ಯಾಷಿಯರ್ ಲೋಟಕ್ಕೆ ನೀರು ತುಂಬಿ ಅವನ ಮುಂದೆ ಸರಿಸಿದ. ಇವನು ಎದ್ದು ಹೋಗುವಾಗ ತನ್ನ ಫೋನನ್ನು ಜೇಬಿಗೆ ಹಾಕಿಕೊಂಡ. ತಾನು ಹೋದ ಮೇಲೆ ಅವರು ತನ್ನ ಬಗ್ಗೆಯೇ ಮಾತಾಡುತ್ತಾರೆಂದು ಈ ಬಾರಿ ಖಾತ್ರಿಯಿತ್ತು. ಅದನ್ನು ಕೇಳುವ ಶಕ್ತಿ ಇರಲಿಲ್ಲ.

ಹೊರಡುವ ದಿನ ಭಾನುವಾರ. ಮಗಳು ಕೆಳಗೆ ಆಟೋ ಕರೆಯಲು ಹೋಗಿದ್ದಳು. ಹೆಂಡತಿ ಮಲಗುವ ಕೋಣೆಯ ನೆಲದ ಮೇಲೆ ಸೂಟ್‌ಕೇಸು ಬಿಚ್ಚಿಟ್ಟು ಕೊನೆಯ ಬಟ್ಟೆಗಳನ್ನು ತುಂಬುತ್ತಿದ್ದಳು. ಒಂದು ಸ್ವೆಟರನ್ನು ತೋಳು ತೋಳಿಗೆ ಸೇರಿಸಿ ಮಡಚಿ, ಸಾಲದೆಂದು ಮತ್ತೆ ಬಿಚ್ಚಿ ಮಡಚಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಬೆಳಿಗ್ಗೆಯಿಂದ ಒಂದು ವಾಕ್ಯವನ್ನು ಸಿದ್ಧಮಾಡಿಟ್ಟುಕೊಂಡಿದ್ದ: ನಾನು ನಿಮ್ಮಿಬ್ಬರ ಮಾತನ್ನು ಕೇಳಿಸಿಕೊಂಡೆ. ಕದ್ದು ಎಂಬ ಪದ ಬೇಕೋ ಬೇಡವೋ ಎಂಬುದಷ್ಟೇ ಇತ್ಯರ್ಥವಾಗಿರಲಿಲ್ಲ.

"ನಾನೊಂದು ಹೇಳಬೇಕು" ಎಂದ.

"ಹೇಳಿ."

"ಹೋಗಬೇಡ."

ಅದು ಸಿದ್ಧಮಾಡಿದ ವಾಕ್ಯವಾಗಿರಲಿಲ್ಲ. ಎಲ್ಲಿಂದ ಬಂತೆಂದು ಅವನಿಗೇ ಗೊತ್ತಾಗಲಿಲ್ಲ. ಅವಳ ಕೈ ಸ್ವೆಟರಿನ ಮೇಲೆಯೇ ನಿಂತಿತು. ಮೆಟ್ಟಿಲ ಹತ್ತಿರ ಯಾವುದೋ ಮಗು ಚೆಂಡು ಪುಟಿಸುತ್ತಿತ್ತು.

"ಇದು ನಿಮ್ಮ ಅಭಿಪ್ರಾಯನಾ?" ಎಂದಳು. ಅಣಕಿಸುತ್ತಿರಲಿಲ್ಲ.

"ಅಲ್ಲ."

ಅವಳು ಮಂಚದ ಅಂಚಿಗೆ ಕೂತಳು.

"ಇಷ್ಟು ವರ್ಷದಲ್ಲಿ ನೀವು ನನಗೆ ಅಂತಲೇ ಹೇಳಿದ ಮಾತು ಇದೊಂದೇ ಇರಬೇಕು ನೋಡಿ" ಎಂದಳು. "ಸ್ವಲ್ಪ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದಿದ್ರೆ ಇರ್ತಿದ್ಯಾ?"

ಅವಳು ಅವಸರ ಮಾಡಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಮುಖದಲ್ಲಿ ಉತ್ತರ ನಿಧಾನವಾಗಿ ಮೂಡುವುದು ಅವನಿಗೆ ಕಂಡಿತು. "ಇಲ್ಲ ಅನ್ಸುತ್ತೆ" ಎಂದಳು. "ಆದ್ರೂ ಹೇಳಬೇಕಿತ್ತು."

ಅವನು ತಲೆಯಾಡಿಸಿದ. ಹೇಳಬೇಕಾದ ಇನ್ನೊಂದು ಮಾತು ಗಂಟಲಲ್ಲೇ ಉಳಿಯಿತು. ಅದು ಎರಡು ವರ್ಷವಾದರೂ ಅಲ್ಲೇ ಇರಬಲ್ಲದು ಎನಿಸಿತು. ಕೆಳಗಿನಿಂದ ಮಗಳು ಅಮ್ಮಾ ಎಂದು ಕೂಗಿದಳು. ಹೆಂಡತಿ ಎದ್ದು ಸ್ವೆಟರನ್ನು ತುರುಕಿ, ಸೂಟ್‌ಕೇಸಿನ ಮುಚ್ಚಳ ಒತ್ತಿ, ಜಿಪ್ಪು ಎಳೆದಳು. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಮೊಣಕಾಲೂರಿ ಇನ್ನೊಮ್ಮೆ ಎಳೆದಳು, ಬರಲಿಲ್ಲ.

"ಬನ್ನಿ ಇಲ್ಲಿ, ಇದರ ಮೇಲೆ ಕೂತ್ಕೊಳ್ಳಿ" ಎಂದಳು.

ಅವನು ಬಂದು ಸೂಟ್‌ಕೇಸಿನ ಮೇಲೆ ಕೂತ. ಮೊಣಕಾಲು ಎದೆಯ ಮಟ್ಟಕ್ಕೆ ಬಂತು, ಕೈ ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ. ಅವಳು ಅವನ ಸುತ್ತ ಮೊಣಕಾಲಿನ ಮೇಲೆ ಸರಿಯುತ್ತಾ ಬಂದಳು. ಬೈತಲೆಯ ಎರಡೂ ಕಡೆ ಬೆಳ್ಳಗಾಗಿದ್ದ ಕೂದಲು ಅವನ ಕೈಗೆಟುಕುವಷ್ಟು ಹತ್ತಿರ ಬಂತು. ಜಿಪ್ಪು ಮೂಲೆಯ ಹತ್ತಿರ ಮತ್ತೆ ನಿಂತಿತು. ಅವಳ ಭುಜ ಅವನ ತೊಡೆಗೆ ಒತ್ತಿತ್ತು.

"ತುದಿಗಾಲಲ್ಲಿ ಕೂರಬೇಡಿ" ಎಂದಳು, "ಪೂರ್ತಿ ಭಾರ ಬಿಡಿ."

ಅವನು ಉಸಿರು ಬಿಟ್ಟು, ಪೂರ್ತಿ ಭಾರ ಬಿಟ್ಟ. ಜಿಪ್ಪು ಮೂಲೆ ದಾಟಿತು.